ತಾಯಿಮರ ತೋರಿಸಿ ಗಿಡ ಮಾರುವ ನರ್ಸರಿ

ಮೂಡಿಗೆರೆ ಸಮೀಪದ ಈ ಖಾಸಗಿ ನರ್ಸರಿಯಲ್ಲಿ ಹಲಸಿನ ಕಸಿ ಗಿಡ ಕೇಳಿದವರಿಗೆ ಮೊದಲು ತಾಯಿಮರವನ್ನು, ಅಂದರೆ ಕಸಿಯ ಕಡ್ಡಿ ತೆಗೆದ ಮರವನ್ನು ತೋರಿಸುತ್ತಾರೆ, ನಾನು ಅತ್ಯಂತ ಮೆಚ್ಚಿದ್ದು ಇದನ್ನೇ. ಹಲಸಿನಲ್ಲಿ ಪರಕೀಯ ಪರಾಗಸ್ಪರ್ಶ (ಬೇರೆ ಮರದ ಪರಾಗ ಬಂದು ಸೇರುವುದು) ನಡೆಯುವುದರಿಂದ ಬೀಜದ ಸಸಿ ತಾಯಿಯ ಗುಣವನ್ನೇ ಕೊಡುತ್ತದೆಂಬ ಖಾತ್ರಿಯಿಲ್ಲ. ಆರಿಸಿದ ಮರದ ಕಡ್ಡಿಯಿಂದ ಕಸಿ ಕಟ್ಟಿದಾಗಲೇ ಆ ತಳಿಗುಣ ಉಳಿಯುತ್ತದೆ. ತುಮಕೂರು ಜಿಲ್ಲೆಯ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ, ತಾಮ್ರಗೆಂಪು ತೊಳೆಯ ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿದ್ದರಿಂದಲೇ ‘ಸಿದ್ದು’ ಹಲಸು ಇಂದು ಊರೂರಿಗೆ ತಲುಪಿದೆ.

ಇಲ್ಲಿ ಕಾಫಿ ತೋಟದಂಚಿನ ಹಳೆಯ ಬಕ್ಕೆ (ಗಟ್ಟಿ ತೊಳೆಯ ಹಲಸು) ಮರವೊಂದರ ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದಿದ್ದಾರೆ, ಅದೇ ಸಂಖ್ಯೆಯ ತಗಡಿನ ಚೀಟಿಯನ್ನು ಅದರ ಪ್ರತಿ ಕಸಿ ಗಿಡಕ್ಕೂ ಕಟ್ಟಿದ್ದಾರೆ. ಒಂದು ವರ್ಷದ ಭರ್ಜರಿ ಫಸಲಿಗೆ ಮರುಳಾಗದೆ, ಹಲವು ವರ್ಷ ಸತತವಾಗಿ ಕಾಯಿ ಬಿಟ್ಟ, ಮುಂಗಾರಿನ ಮಳೆಯಲ್ಲೂ ತೊಳೆ ಸಪ್ಪೆಯಾಗದ ಮರಗಳನ್ನಷ್ಟೇ ಇವರು ಆರಿಸುತ್ತಾರೆ. ಮಲೆನಾಡಿಗೆ ಬೇಕಾದ ಪರೀಕ್ಷೆ ಇದು.

ಬೆಲೆ ತುಸು ಹೆಚ್ಚೇ. ಅದಕ್ಕಿಂತ ನನಗೆ ಬೇಸರವಾದದ್ದು, ಕೆಲವು ಗಿಡಗಳಲ್ಲಿ ಕಸಿಗಂಟಿನ, ಅಂದರೆ ಕಡ್ಡಿಯನ್ನು ಬುಡದ ಸಸಿಗೆ ಜೋಡಿಸಿದ ಜಾಗದ ಪ್ಲಾಸ್ಟಿಕ್ ಪಟ್ಟಿಯನ್ನು ಬಿಚ್ಚದೆ ಬಿಟ್ಟಿದ್ದು. ಅದು ಕಾಂಡವನ್ನು ಬಿಗಿದು ಬೆಳವಣಿಗೆಗೆ ಅಡ್ಡಿಯಾಗುತ್ತದೆ. ಕೊಳ್ಳುವವರು ಪಟ್ಟಿ ತೆಗೆಸಿ, ಗಂಟು ಚೆನ್ನಾಗಿ ಬೆಸೆದಿದೆಯೇ ಎಂದು ನೋಡಿಕೊಳ್ಳಬೇಕು. ನೆಡುವಾಗ ಆ ಗಂಟು ಮಣ್ಣಿನಿಂದ ಮೇಲಿರಬೇಕು, ಅದರ ಕೆಳಗೆ ಒಡೆಯುವ ಚಿಗುರನ್ನು ಆಗಾಗ ಚಿವುಟಬೇಕು.