ಡ್ಯಾಶ್‌ಕ್ಯಾಮ್ ವಿಮರ್ಶೆ: ರಟ್ಟಿನ ಪೆಟ್ಟಿಗೆಯ ಮೇಲೆ ವಿಮಾನ, ಒಳಗೆ ಮೆಮೊರಿ ಕಾರ್ಡು

ಕಾಸರಗೋಡು ಪೇಟೆಯ ಕಾರು ಸಾಮಗ್ರಿಗಳ ಅಂಗಡಿಯೊಂದರಲ್ಲಿ ಐದೂವರೆ ಸಾವಿರ ರೂಪಾಯಿ ಕೊಟ್ಟು ಕೊಂಡ, ಕಾರಿನ ಮುಂಗಾಜಿಗೆ ಅಂಟಿಸಿ ರಸ್ತೆಯನ್ನು ಚಿತ್ರೀಕರಿಸುವ ಈ ಡ್ಯಾಶ್‌ಕ್ಯಾಮ್‌ನ ರಟ್ಟಿನ ಪೆಟ್ಟಿಗೆಯ ಮೇಲೆ ಕಾರಿಗಿಂತ ದೊಡ್ಡದಾಗಿ ಒಂದು ವಿಮಾನದ ಚಿತ್ರವಿದೆ. ಅದರ ಕೆಳಗೆ, ವಿಮಾನದ ಬ್ಲ್ಯಾಕ್ ಬಾಕ್ಸಿನ ತಂತ್ರಜ್ಞಾನವನ್ನು ಕಾರಿಗೆ ಅಳವಡಿಸಲಾಗಿದೆಯೆಂದೂ ಎಂಥ ಅಪಘಾತದಲ್ಲಿಯೂ ದಾಖಲೆ ಅಳಿಯದೆಂದೂ ಇಂಗ್ಲಿಷಿನಲ್ಲಿ ಮುದ್ರಿಸಲಾಗಿದೆ. ಕ್ಯಾಮೆರಾದ ದೃಷ್ಟಿಯಿಂದ ನೋಡಿದರೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಆದರೆ ಪೆಟ್ಟಿಗೆಯ ಮೇಲಿನ ಆ ಮಾತಿಗೆ ಒಳಗಿನ ವಸ್ತುವಿನಲ್ಲಿ ಯಾವ ಆಧಾರವೂ ಇಲ್ಲ. ಕಂಪನಿಯ ಹೆಸರನ್ನು ಬರೆಯದಿರಲು ಕಾರಣವಿದೆ: ಹೆಚ್ಚುಕಡಿಮೆ ಇದೇ ಮಾತನ್ನು ಮುದ್ರಿಸಿಕೊಂಡ ಬೇರೆ ಕಂಪನಿಗಳ ಪೆಟ್ಟಿಗೆಗಳೂ ಅದೇ ಕಪಾಟಿನಲ್ಲಿ ಸಾಲಾಗಿ ಕುಳಿತಿದ್ದವು.

ಕ್ಯಾಮೆರಾದ ಗುಣದ ಬಗ್ಗೆ ಹೇಳಬೇಕಾದುದು ಹೆಚ್ಚಿಲ್ಲ. ತಲಪಾಡಿಯಿಂದ ಈಚೆಗಿನ ಆರು ಪಥದ ಹೆದ್ದಾರಿಯಲ್ಲಿ ಹಗಲು ಹೊತ್ತು ಮುಂದಿನ ವಾಹನದ ನಂಬರು ಓದುವಷ್ಟು ಚಿತ್ರ ಸ್ಪಷ್ಟವಾಗಿರುತ್ತದೆ. ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ನುಗ್ಗಿಬರುವ ಸ್ಕೂಟರುಗಳೂ ಚೆನ್ನಾಗಿಯೇ ದಾಖಲಾಗುತ್ತವೆ. ರಾತ್ರಿ ಎದುರಿನ ಲಾರಿಯ ದೀಪ ಬಿದ್ದರೆ ನಂಬರು ಬಿಳಿಚಿಕೊಂಡು ಏನೂ ಕಾಣುವುದಿಲ್ಲ, ಆಟಿ ತಿಂಗಳ ಮಳೆಯಲ್ಲಿ ವೈಪರ್ ಒರೆಸಿದ ಆ ಕ್ಷಣದ ಚಿತ್ರ ಮಾತ್ರ ಉಪಯೋಗಕ್ಕೆ ಬರುತ್ತದೆ. ಈ ಬೆಲೆಯ ಕ್ಯಾಮೆರಾದಿಂದ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಪೆಟ್ಟಿಗೆಯ ಮಾತನ್ನು ತೋರಿಸಿ ಕೇಳಿದಾಗ ಅಂಗಡಿಯ ಹುಡುಗ, “ಬೆಂಕಿ ಬಿದ್ದರೂ ಇದಕ್ಕೆ ಏನೂ ಆಗುವುದಿಲ್ಲ ಮಾಷ್ಟ್ರೇ” ಎಂದ. ಕಾಸರಗೋಡಿನಲ್ಲಿ ನಿಂತು ಆಡುವಾಗ ಈ ಮಾತಿಗೆ ಸ್ವಲ್ಪ ತೂಕ ಹೆಚ್ಚು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿದಾಗ, ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಅವರಲ್ಲಿ ಅನೇಕರು ನಮ್ಮ ಜಿಲ್ಲೆಯವರು. ಆ ಬೆಂಕಿಯ ನಡುವಿನಿಂದ ಕೆಲವೇ ದಿನಗಳಲ್ಲಿ ಎರಡೂ ದಾಖಲೆ ಪೆಟ್ಟಿಗೆಗಳು, ಅಂದರೆ ಬ್ಲ್ಯಾಕ್ ಬಾಕ್ಸುಗಳು, ಸಿಕ್ಕಿದವು. ಎರಡು ಗಂಟೆಗೂ ಸ್ವಲ್ಪ ಹೆಚ್ಚಿನ ಧ್ವನಿಮುದ್ರಣದಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ರಿಸುತ್ತಿದ್ದುದೂ, ಇಳಿಯುವ ಹೊತ್ತಿಗೆ ಸಹಪೈಲಟ್ ಮತ್ತೆ ಮೇಲೇರುವಂತೆ ಮೂರು ಬಾರಿ ಹೇಳಿದ್ದೂ ಇತ್ತು. ಪೆಟ್ಟಿಗೆ ಸುಟ್ಟುಹೋಗಿದ್ದರೆ ಇವೆರಡೂ ಯಾರಿಗೂ ತಿಳಿಯುತ್ತಿರಲಿಲ್ಲ. ಆ ವಸ್ತುವಿನ ಹೆಸರು ಹೇಳಿ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಮಾರುವವರು, ಅದು ಹೇಗೆ ಉಳಿಯಿತು ಎಂಬುದನ್ನೂ ತಿಳಿದಿರಬೇಕು.

ವಿಮಾನದಲ್ಲಿ ಸಾಮಾನ್ಯವಾಗಿ ಎರಡು ಪೆಟ್ಟಿಗೆಗಳಿರುತ್ತವೆ: ವೇಗ, ಎತ್ತರ, ದಿಕ್ಕು, ಎಂಜಿನ್ನುಗಳ ಸ್ಥಿತಿ ಮುಂತಾದವುಗಳನ್ನು ಕನಿಷ್ಠ 25 ಗಂಟೆಗಳಷ್ಟು ಹಿಡಿದಿಡುವ ಫ್ಲೈಟ್ ಡೇಟಾ ರೆಕಾರ್ಡರ್ ಒಂದು, ಪೈಲಟ್‌ಗಳ ಮಾತು ಮತ್ತು ಕೋಣೆಯ ಸದ್ದುಗಳನ್ನು ಹಿಡಿದಿಡುವ ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್ ಇನ್ನೊಂದು. ಇವುಗಳನ್ನು ಹೆಚ್ಚಾಗಿ ಬಾಲದ ಕಡೆ ಕೂರಿಸುತ್ತಾರೆ, ಏಕೆಂದರೆ ವಿಮಾನ ಮೂತಿ ಮುಂದಾಗಿ ಬಡಿದಾಗ ಮುಂಭಾಗದ ಉದ್ದಕ್ಕೂ ಲೋಹ ಮಡಚಿಕೊಂಡು ಹೋಗಿ, ಬಾಲವನ್ನು ತಲುಪುವ ಹೊತ್ತಿಗೆ ಹೊಡೆತದ ಬಹುಪಾಲು ಖರ್ಚಾಗಿರುತ್ತದೆ. ನನ್ನ ಡ್ಯಾಶ್‌ಕ್ಯಾಮ್ ಅಂಟಿಕೊಂಡಿರುವುದು ಮುಂಗಾಜಿಗೆ. ಕಾರಿನಲ್ಲಿ ಎಲ್ಲಕ್ಕಿಂತ ಮೊದಲು ಒಡೆಯುವ ಭಾಗಗಳಲ್ಲಿ ಅದೂ ಒಂದು. ಕ್ಯಾಮೆರಾ ರಸ್ತೆಯನ್ನು ನೋಡಬೇಕಾದುದರಿಂದ ಇದನ್ನು ದೋಷವೆನ್ನಲಾಗದು. ಆದರೆ ದಾಖಲೆಯೂ ಕ್ಯಾಮೆರಾದ ಹೊಟ್ಟೆಯಲ್ಲಿಯೇ ಇರಬೇಕೆಂಬ ನಿಯಮವೇನೂ ಇರಲಿಲ್ಲ. ವಿಮಾನದಲ್ಲಿ ಮೈಕು ಕಾಕ್‌ಪಿಟ್ಟಿನಲ್ಲಿದ್ದರೆ ಅದರ ದಾಖಲೆ ಎಷ್ಟೋ ಮೀಟರ್ ಹಿಂದೆ ಇರುತ್ತದೆ.

ವಿಮಾನದ ಪೆಟ್ಟಿಗೆಯ ವಿನ್ಯಾಸದಲ್ಲಿ ನನಗೆ ಅತ್ಯಂತ ಜಾಣತನದ್ದಾಗಿ ಕಾಣುವುದು ಅದು ಏನನ್ನು ಬಿಟ್ಟುಕೊಡುತ್ತದೆ ಎಂಬುದು. ಪತ್ರಿಕೆಗಳಲ್ಲಿ ಕಾಣುವ ಕಿತ್ತಳೆ ಬಣ್ಣದ ಪೆಟ್ಟಿಗೆಯ ಬಹುಭಾಗ ಸಾಮಾನ್ಯ ಎಲೆಕ್ಟ್ರಾನಿಕ್ ಸರ್ಕ್ಯೂಟು; ಅದು ನುಜ್ಜುಗುಜ್ಜಾದರೂ ಚಿಂತೆಯಿಲ್ಲವೆಂಬ ತೀರ್ಮಾನದಲ್ಲಿಯೇ ಅದನ್ನು ಕಟ್ಟಲಾಗಿರುತ್ತದೆ. ಉಳಿಯಬೇಕಾದುದು ಅದರ ಒಂದು ತುದಿಯಲ್ಲಿರುವ ಉರುಟಾದ ಅಥವಾ ಚೌಕಾಕಾರದ ಗಟ್ಟಿ ಡಬ್ಬಿ ಮಾತ್ರ. ಹೊರಗಡೆ ಸುಮಾರು 6 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟಾನಿಯಮ್ ಕವಚ, ಅದರೊಳಗೆ ಸುಮಾರು ಎರಡೂವರೆ ಸೆಂಟಿಮೀಟರ್ ದಪ್ಪದ ಶಾಖನಿರೋಧಕ ಪದರ, ಅದರೊಳಗೆ ತೆಳುವಾದ ಅಲ್ಯೂಮಿನಿಯಮ್ ಹೊದಿಕೆ, ನಡುವೆ ಮೆಮೊರಿ ಚಿಪ್ಪುಗಳನ್ನು ಹೊತ್ತ ಪುಟ್ಟ ಬೋರ್ಡು. ಕೆಲವು ವಿನ್ಯಾಸಗಳಲ್ಲಿ ಕರಗುತ್ತಾ ಶಾಖವನ್ನು ಹೀರಿಕೊಳ್ಳುವ ಮೇಣದಂಥ ವಸ್ತುವನ್ನೂ ತುಂಬಿಸಿರುತ್ತಾರೆ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447ರ ಶೋಧದಲ್ಲಿ ಈ ತೀರ್ಮಾನದ ಬೆಲೆ ಕಣ್ಣಿಗೆ ಕಾಣುವಂತಾಯಿತು: ಸುಮಾರು 3,900 ಮೀಟರ್ ಆಳದಲ್ಲಿ ಮೊದಲು ಸಿಕ್ಕಿದ್ದು ಮೆಮೊರಿ ಡಬ್ಬಿ ಕಳಚಿಹೋಗಿದ್ದ ಬರಿಯ ಚೌಕಟ್ಟು, ಕೆಲವು ದಿನಗಳ ನಂತರ, 2011ರ ಮೇ ಮೊದಲ ವಾರದಲ್ಲಿ ಡಬ್ಬಿ ಬೇರೆಯಾಗಿ ಸಿಕ್ಕಿತು, ಎರಡು ವರ್ಷಗಳಷ್ಟು ಕಾಲ ಉಪ್ಪುನೀರಿನಲ್ಲಿದ್ದರೂ ಅದರ ದಾಖಲೆ ಪೂರ್ತಿಯಾಗಿ ಓದಲು ದೊರೆಯಿತು.

ಇಂಥ ಡಬ್ಬಿಯನ್ನು ವಿಮಾನಕ್ಕೆ ಏರಿಸುವ ಮೊದಲು ಅದರ ಮಾದರಿಯನ್ನು ಪರೀಕ್ಷಿಸುವ ಕ್ರಮ ‘ಇಡಿ-112’ ಎಂಬ ಮಾನದಂಡದಲ್ಲಿದೆ. ಮೊದಲನೆಯದು ಹೊಡೆತ: ಗುರುತ್ವದ 3,400 ಪಟ್ಟು ಬಲ, 6.5 ಮಿಲಿಸೆಕೆಂಡುಗಳ ಕಾಲ. ಗಾಳಿಯ ಒತ್ತಡದ ಫಿರಂಗಿಯಿಂದ ಡಬ್ಬಿಯನ್ನು ಹಾರಿಸಿ ಗುರಿಗೆ ಬಡಿಸಿ ಇದನ್ನು ಸಾಧಿಸುತ್ತಾರೆ. ಒಳಗಿನ ಬೋರ್ಡು ಬರಿಯ 50 ಗ್ರಾಂ ಇದ್ದರೂ ಆ ಕ್ಷಣದಲ್ಲಿ ಅದು 170 ಕಿಲೋ ತೂಗುವ ವಸ್ತುವಿನಂತೆ ತನ್ನ ಆಸರೆಯನ್ನು ಒತ್ತುತ್ತದೆ. ಆದ್ದರಿಂದಲೇ ಬೋರ್ಡನ್ನು ಸಾಧ್ಯವಾದಷ್ಟು ಹಗುರವಾಗಿಸಿ, ಅಲುಗಾಡಲು ಜಾಗವಿಲ್ಲದಂತೆ ಸುತ್ತಲೂ ತುಂಬಿಸಿಬಿಡುತ್ತಾರೆ. ಬಳಿಕ 227 ಕಿಲೋ ಭಾರವನ್ನು 3 ಮೀಟರ್ ಎತ್ತರದಿಂದ, 6.35 ಮಿಲಿಮೀಟರ್ ವ್ಯಾಸದ ಉಕ್ಕಿನ ಮೊಳೆಯ ಮೊನೆ ಡಬ್ಬಿಗೆ ತಾಗುವಂತೆ ಬೀಳಿಸುತ್ತಾರೆ. ಅದಾದ ಮೇಲೆ 22.25 ಕಿಲೋನ್ಯೂಟನ್, ಅಂದರೆ ಸುಮಾರು ಎರಡೂಕಾಲು ಟನ್ ಭಾರದಿಂದ ಐದು ನಿಮಿಷ ಅದುಮುತ್ತಾರೆ. ಹೀಗೆ ಪೆಟ್ಟು ತಿಂದ ಡಬ್ಬಿಯನ್ನೇ ಮುಂದೆ ಬೆಂಕಿಗೆ ಒಡ್ಡುತ್ತಾರೆ ಎಂಬುದು ಗಮನಿಸಬೇಕಾದ ಸಂಗತಿ; ಪ್ರತಿ ಪರೀಕ್ಷೆಗೂ ಹೊಸ ಡಬ್ಬಿ ಕೊಟ್ಟರೆ ಪಾಸಾಗುವುದು ಎಷ್ಟೋ ಸುಲಭವಿತ್ತು.

ಬೆಂಕಿಯ ಪರೀಕ್ಷೆಗಳು ಎರಡು, ಮತ್ತು ಎರಡನೆಯದೇ ಕಠಿಣವೆಂದು ನನ್ನ ಅಭಿಪ್ರಾಯ. ಮೊದಲನೆಯದರಲ್ಲಿ 1,100 ಡಿಗ್ರಿ ಸೆಲ್ಸಿಯಸ್ ಜ್ವಾಲೆ ಒಂದು ಗಂಟೆ ಡಬ್ಬಿಯನ್ನು ಸುತ್ತುವರಿದಿರುತ್ತದೆ. ಇಂಧನ ಹೊತ್ತಿ ಉರಿಯುವಾಗಿನ ಸ್ಥಿತಿ ಇದು. ಎರಡನೆಯದರಲ್ಲಿ ಶಾಖ ಬರಿಯ 260 ಡಿಗ್ರಿ, ಆದರೆ ಹತ್ತು ಗಂಟೆ. ಅವಶೇಷಗಳ ರಾಶಿಯ ಅಡಿಯಲ್ಲಿ ಕೆಂಡ ಕಾಯುತ್ತಿರುವ ಸ್ಥಿತಿ ಅದು. ಯಾವ ಶಾಖನಿರೋಧಕವೂ ಶಾಖವನ್ನು ತಡೆಯುವುದಿಲ್ಲ, ತಡ ಮಾಡುತ್ತದೆ ಅಷ್ಟೆ. ಒಂದು ಗಂಟೆಯ ಉಗ್ರ ಜ್ವಾಲೆ ಪದರದೊಳಗೆ ನುಸುಳುವ ಮೊದಲೇ ಆರಬಹುದು. ಹತ್ತು ಗಂಟೆಯ ಮಂದ ಶಾಖಕ್ಕೆ ನಡುವಿನವರೆಗೆ ಇಳಿಯಲು ಸಾಕಷ್ಟು ಸಮಯ ಸಿಗುತ್ತದೆ. ತವರ ಮತ್ತು ಸೀಸದ ಬೆಸುಗೆ 183 ಡಿಗ್ರಿಯಲ್ಲಿ ಕರಗುವುದರಿಂದ, ಒಳಗೆ ಶಾಖ ಅಷ್ಟಕ್ಕೇರಿದರೆ ಬೋರ್ಡಿನ ಜೋಡಣೆಗಳೇ ಬಿಟ್ಟುಕೊಳ್ಳಬಹುದು. ಹಾಗಾದರೂ ಚಿಪ್ಪಿನೊಳಗಿನ ವಿದ್ಯುದಂಶ ಸೋರಿಹೋಗದಿದ್ದರೆ ಪ್ರಯೋಗಾಲಯದಲ್ಲಿ ಚಿಪ್ಪನ್ನು ಬಿಡಿಸಿ ಬೇರೊಂದು ಬೋರ್ಡಿಗೆ ಕೂರಿಸಿ ಓದುವುದು ಸಾಧ್ಯವಿದೆ. ಇಲ್ಲಿಗೆ ಮುಗಿಯದೆ 6,000 ಮೀಟರ್ ಆಳದ ನೀರಿನ ಒತ್ತಡ, ಉಪ್ಪುನೀರು, ವಿಮಾನದ ಇಂಧನ, ಎಣ್ಣೆ, ಬೆಂಕಿ ಆರಿಸುವ ರಾಸಾಯನಿಕ ಎಲ್ಲವನ್ನೂ ಆ ಡಬ್ಬಿ ತಾಳಬೇಕು. ನೀರಿಗೆ ಬಿದ್ದ ಕೂಡಲೇ ಎಚ್ಚರಗೊಂಡು ಸೆಕೆಂಡಿಗೊಮ್ಮೆ 37.5 ಕಿಲೋಹರ್ಟ್ಸ್‌ನ ಸದ್ದು ಹೊರಡಿಸುವ ಬೀಕನ್ನು ಅದಕ್ಕೆ ಜೋಡಿಸಿರುತ್ತಾರೆ. ಹಿಂದೆ 30 ದಿನ ಬಾಳಬೇಕಾಗಿದ್ದ ಅದರ ಬ್ಯಾಟರಿ ಏರ್ ಫ್ರಾನ್ಸ್ ಪ್ರಕರಣದ ನಂತರ 90 ದಿನ ಬಾಳಬೇಕೆಂದಾಯಿತು.

ಇಷ್ಟನ್ನು ಓದಿಕೊಂಡು ನನ್ನ ಡ್ಯಾಶ್‌ಕ್ಯಾಮನ್ನು ಬಿಚ್ಚಿ ನೋಡಿದೆ. ಉಗುರಿನಿಂದ ಎಬ್ಬಿಸಿದರೆ ಮುಚ್ಚಳ ಬರುತ್ತದೆ. ಒಳಗೆ ಎರಡು ತೆಳು ಬೋರ್ಡು, ಬೆಳ್ಳಿಬಣ್ಣದ ಪೊಟ್ಟಣದಂಥ ಸಣ್ಣ ಲಿಥಿಯಮ್ ಬ್ಯಾಟರಿ, ಪಕ್ಕದಲ್ಲಿ ಒತ್ತಿದರೆ ಹೊರಚಿಮ್ಮುವ ಗೂಡಿನಲ್ಲಿ ಮೈಕ್ರೋ ಎಸ್‌ಡಿ ಕಾರ್ಡು. ಕವಚವಿಲ್ಲ, ಪದರವಿಲ್ಲ, ಕಾರ್ಡನ್ನು ಹಿಡಿದಿರುವುದು ಒಂದು ಸ್ಪ್ರಿಂಗು. ಇಂಥ ಕಾರ್ಡುಗಳು ಸಾಮಾನ್ಯವಾಗಿ 85 ಡಿಗ್ರಿವರೆಗೆ ಕೆಲಸ ಮಾಡುವಂತೆ ತಯಾರಾದವು. ಕಾರಿಗೆ ಬೆಂಕಿ ಹತ್ತಿದರೆ ಅದನ್ನು ದಾಟಲು ಎಷ್ಟು ಹೊತ್ತು ಬೇಕೆಂದು ಹೇಳಬೇಕಾಗಿಲ್ಲ. ಆದರೆ ಬೆಂಕಿಯವರೆಗೆ ಹೋಗುವ ಅಗತ್ಯವೂ ಬೀಳಲಿಲ್ಲ: ಬೇಸಗೆಯಲ್ಲಿ ನೆರಳಿಲ್ಲದ ಶಾಲೆಯ ಅಂಗಳದಲ್ಲಿ ಕಾರು ನಿಲ್ಲಿಸುತ್ತಿದ್ದ ನನಗೆ, ಎಪ್ರಿಲ್ ಮುಗಿಯುವ ಮೊದಲೇ ಬ್ಯಾಟರಿ ಊದಿಕೊಂಡು ಪರದೆಯ ಒಂದು ಮೂಲೆಯನ್ನು ಮೇಲೆತ್ತಿರುವುದು ಕಾಣಿಸಿತು. ಅಂಗಡಿಯವರು ವಾರಂಟಿಯಲ್ಲಿ ತಕರಾರಿಲ್ಲದೆ ಬದಲಿಸಿಕೊಟ್ಟರು ಎಂಬುದನ್ನೂ ಹೇಳಬೇಕು. ಬದಲಿಗೆ ಬಂದದ್ದರಲ್ಲಿಯೂ ಅದೇ ಬ್ಯಾಟರಿ ಇದೆ.

ಈ ಬ್ಯಾಟರಿಯ ಕೆಲಸ ಸಣ್ಣದು, ಆದರೆ ಮುಖ್ಯವಾದುದು. ಅಪಘಾತದಲ್ಲಿ ಕಾರಿನ ವಿದ್ಯುತ್ತು ಕಡಿದಾಗ ಬರೆಯುತ್ತಿದ್ದ ಫೈಲನ್ನು ಮುಗಿಸಿ ಮುಚ್ಚುವಷ್ಟು ಕಾಲ ಅದು ಕ್ಯಾಮೆರಾವನ್ನು ನಡೆಸಬೇಕು. ಇಲ್ಲವಾದರೆ ಎಲ್ಲಕ್ಕಿಂತ ಬೇಕಾದ ಕೊನೆಯ ತುಣುಕೇ ತೆರೆಯದೆ ಹೋಗುತ್ತದೆ. ವಿಮಾನಗಳನ್ನೂ ಕಾಡಿದ ಸಮಸ್ಯೆ ಇದು. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ ಅಪಘಾತಕ್ಕೀಡಾದ ಜೇಜು ಏರ್ ವಿಮಾನದ ಎರಡೂ ಪೆಟ್ಟಿಗೆಗಳು ಸಿಕ್ಕಿದರೂ, ಅಪಘಾತಕ್ಕೆ ಸುಮಾರು ನಾಲ್ಕು ನಿಮಿಷ ಮೊದಲೇ ದಾಖಲಾತಿ ನಿಂತುಹೋಗಿತ್ತು. ಕವಚ ಎಷ್ಟೇ ಗಟ್ಟಿಯಾಗಿರಲಿ, ಬರೆಯದೆ ಬಿಟ್ಟದ್ದನ್ನು ಅದು ಕಾಪಾಡಲಾರದು. ಹೊಸ ವಿಮಾನಗಳ ಧ್ವನಿ ಪೆಟ್ಟಿಗೆಗೆ ಸುಮಾರು ಹತ್ತು ನಿಮಿಷ ಸ್ವತಂತ್ರವಾಗಿ ವಿದ್ಯುತ್ತು ಒದಗಿಸುವ ವ್ಯವಸ್ಥೆ ಇರುವುದು ಇದಕ್ಕಾಗಿ. ಡ್ಯಾಶ್‌ಕ್ಯಾಮ್‌ಗಳಲ್ಲಿ ಇದಕ್ಕೆ ಸಮನಾದುದು, ಬ್ಯಾಟರಿಯ ಬದಲು ಸ್ವಲ್ಪ ಹೊತ್ತಿನ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಸೂಪರ್ ಕೆಪಾಸಿಟರ್. ಅದು ಲಿಥಿಯಮ್ ಬ್ಯಾಟರಿಗಿಂತ ಬಿಸಿಲಿನ ಕಾವನ್ನು ಹೆಚ್ಚು ತಾಳುತ್ತದೆ. ನಮ್ಮ ಕರಾವಳಿಯ ಬಿಸಿಲಿಗೆ ಸೂಪರ್ ಕೆಪಾಸಿಟರ್ ಇರುವ ಮಾದರಿಯನ್ನೇ ಕೇಳಿ ಕೊಳ್ಳುವುದು ಒಳ್ಳೆಯದು. ನಾಲ್ಕು ಕಾಸು ಹೆಚ್ಚಾದರೂ ಸರಿ.

ವಿಮಾನದ ಪೆಟ್ಟಿಗೆಯೂ ಅಳಿಯದ ವಸ್ತುವಲ್ಲ ಎಂಬುದನ್ನು ಮರೆಯಬಾರದು. 2001ರ ಸೆಪ್ಟೆಂಬರ್ 11ರಂದು ಪೆಂಟಗನ್‌ಗೆ ಬಡಿದ ವಿಮಾನದ ದತ್ತಾಂಶ ಓದಲು ಸಿಕ್ಕಿತು, ಧ್ವನಿ ಪೆಟ್ಟಿಗೆ ಸುಟ್ಟು ಏನೂ ದೊರೆಯಲಿಲ್ಲ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಬಿದ್ದ ಏರ್ ಇಂಡಿಯಾದ ಬೋಯಿಂಗ್ 787ರಲ್ಲಿ, ದತ್ತಾಂಶ ಮತ್ತು ಧ್ವನಿ ಎರಡನ್ನೂ ಬರೆದುಕೊಳ್ಳುವ ಪೆಟ್ಟಿಗೆಗಳು ಮುಂದೊಂದು, ಹಿಂದೊಂದು ಇದ್ದವು. ಹಿಂದಿನದು ಎಂದಿನ ವಿಧಾನದಲ್ಲಿ ಓದಲಾಗದಷ್ಟು ಹಾಳಾಗಿತ್ತು, ಮುಂದಿನದರಿಂದ ಸುಮಾರು 49 ಗಂಟೆಗಳ ದತ್ತಾಂಶವೂ ಎರಡು ಗಂಟೆಗಳ ಧ್ವನಿಯೂ ದೊರೆತವು. ಬಾಲದ ಕಡೆಯೇ ಸುರಕ್ಷಿತವೆಂಬ ಲೆಕ್ಕ ಅಲ್ಲಿ ತಿರುಗುಮುರುಗಾಯಿತು. ಒಂದೇ ದಾಖಲೆಯ ಎರಡು ಪ್ರತಿಗಳನ್ನು ದೂರದೂರ ಇಟ್ಟದ್ದರಿಂದಲೇ ತನಿಖೆಗೆ ಕೈಗೆ ಏನಾದರೂ ಬಂತು. ಹೀಗಿರುವಾಗ, ಅಷ್ಟು ಪರೀಕ್ಷೆ ದಾಟಿದ ಪೆಟ್ಟಿಗೆಯ ತಯಾರಕರೂ ಹೇಳದ ಮಾತನ್ನು ರಟ್ಟಿನ ಪೆಟ್ಟಿಗೆಯ ಮೇಲೆ ಮುದ್ರಿಸುವ ಧೈರ್ಯಕ್ಕೆ ಏನೆನ್ನಬೇಕೋ!

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಕಡಿಮೆಯಾದ ಎರಡರಲ್ಲಿ ಒಂದು ಬ್ಯಾಟರಿಗೆ, ಒಂದು ಆ ವಿಮಾನದ ಚಿತ್ರಕ್ಕೆ. ಸಣ್ಣಪುಟ್ಟ ತಾಗಾಟಗಳಲ್ಲಿ ತಪ್ಪು ಯಾರದೆಂದು ತೋರಿಸಲು ಇದು ಸಾಕು, ಮತ್ತು ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ನಡೆಯುವುದೂ ಅಂಥವೇ. ಕೊಳ್ಳುವವರು ನಿರಂತರ ಬರವಣಿಗೆಗೆಂದೇ ತಯಾರಾದ ಹೈ ಎಂಡ್ಯೂರೆನ್ಸ್ ಕಾರ್ಡನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳಬೇಕು. ಜೊತೆಗೆ ಬರುವ ಕಾರ್ಡನ್ನು ನಂಬುವಂತಿಲ್ಲ. ಏನಾದರೂ ನಡೆದರೆ, ಗಾಯಾಳುಗಳನ್ನು ನೋಡಿಕೊಂಡ ಮೇಲೆ, ಮೊದಲು ಕ್ಯಾಮೆರಾದ ವಯರು ಕಿತ್ತು ಕಾರ್ಡನ್ನು ತೆಗೆದಿಡಿ. ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುವುದು ಇದರ ಕ್ರಮ. ಡಿಕ್ಕಿಯಾದಾಗ ಫೈಲನ್ನು ಬೀಗ ಹಾಕಿಡುವ ಸೆನ್ಸರ್ ಇದೆಯಾದರೂ ಮೆಲ್ಲನೆ ಉಜ್ಜಿಕೊಂಡು ಹೋದ ವಾಹನ ಅದಕ್ಕೆ ಲೆಕ್ಕಕ್ಕಿಲ್ಲ. 2024ರ ಜನವರಿಯಲ್ಲಿ ಬಾಗಿಲಿನ ಜಾಗದ ಮುಚ್ಚಿಗೆ ಹಾರಿಹೋಗಿಯೂ ಕ್ಷೇಮವಾಗಿ ಇಳಿದ ಅಲಾಸ್ಕಾ ಏರ್‌ಲೈನ್ಸ್ ವಿಮಾನದಲ್ಲಿ ಎರಡು ಗಂಟೆಯ ಧ್ವನಿಮುದ್ರಣ ಹೀಗೆಯೇ ಅಳಿಸಿಹೋಯಿತು, ಏಕೆಂದರೆ ಇಳಿದ ಮೇಲೆ ಯಾರೂ ಅದರ ವಿದ್ಯುತ್ತನ್ನು ಸಕಾಲದಲ್ಲಿ ನಿಲ್ಲಿಸಿರಲಿಲ್ಲ. ಈ ಕ್ಯಾಮೆರಾದ ವಯರು ಹೋಗುವುದು ಸಿಗರೇಟ್ ಲೈಟರಿನ ತೂತಿಗೆ, ಎಳೆದರೆ ಬರುತ್ತದೆ.