ಮಳೆಗಾಲದ ಫುಟ್‌ಬಾಲ್: ಡಿಶ್ ಸರಿಯೋ, ಆ್ಯಪ್ ಸರಿಯೋ?

ವಿಶ್ವಕಪ್, ಯೂರೊ, ಕೋಪಾ ಅಮೆರಿಕ ಮೂರೂ ಸಾಮಾನ್ಯವಾಗಿ ಜೂನ್-ಜುಲೈನಲ್ಲಿ ಬರುತ್ತವೆ. ನಮ್ಮಲ್ಲಿ ಅದು ಮುಂಗಾರು ಬಿಡದೆ ಸುರಿಯುವ ಕಾಲ. ಕತಾರ್ ವಿಶ್ವಕಪ್ (2022) ನವೆಂಬರ್-ಡಿಸೆಂಬರ್‌ಗೆ ಹೋದದ್ದು ಅಲ್ಲಿನ ಸೆಕೆಯಿಂದಾಗಿ, ಅದೊಂದು ಅಪವಾದ. ಹಾಗಾಗಿ ಕರ್ನಾಟಕದಲ್ಲಿ ಕೂತು ಈ ಪಂದ್ಯಾವಳಿಗಳನ್ನು ನೋಡುವವರು ತೂಗಿ ನೋಡಬೇಕಾದದ್ದು ಚಾನೆಲ್‌ನ ದರ ಒಂದನ್ನೇ ಅಲ್ಲ. ಮಳೆ, ಕರೆಂಟು, ಸಿಗ್ನಲ್ ತಲುಪುವ ವೇಗ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಡಿಟಿಎಚ್‌ನ ಎಚ್‌ಡಿ ಸೆಟ್‌ಟಾಪ್ ಬಾಕ್ಸ್, ಸ್ಮಾರ್ಟ್ ಟಿವಿಯ ಆ್ಯಪ್, ಡಿಡಿ ಫ್ರೀ ಡಿಶ್ ಈ ಮೂರನ್ನು ಫುಟ್‌ಬಾಲ್‌ನ ಕಣ್ಣಿನಿಂದಲೇ ಅಳೆದರೆ ಬಯಲುಸೀಮೆಯ ಮನೆಗೆ ಎಚ್‌ಡಿ ಬಾಕ್ಸ್ ಮೊದಲು, ಆ್ಯಪ್ ಆಪತ್ತಿಗೆ. ಮಲೆನಾಡು, ಕರಾವಳಿಯಲ್ಲಿ ಫೈಬರ್ ಸಂಪರ್ಕ ಬಂದಿದ್ದರೆ ಇದನ್ನೇ ತಿರುಗಿಸಿಕೊಳ್ಳಿ.

ಮೊದಲು ಚೆಂಡಿನ ಲೆಕ್ಕ. ಫುಟ್‌ಬಾಲ್‌ನ ಸುತ್ತಳತೆ 68ರಿಂದ 70 ಸೆಂ.ಮೀ., ಅಂದರೆ ವ್ಯಾಸ ಸುಮಾರು 22 ಸೆಂ.ಮೀ. ಮುಖ್ಯ ಕ್ಯಾಮೆರಾ ಮೈದಾನದ 50 ಮೀಟರ್ ಅಗಲವನ್ನು ಹಿಡಿದಾಗ, 1920 ಚುಕ್ಕಿ (ಪಿಕ್ಸೆಲ್) ಅಗಲದ ಎಚ್‌ಡಿ ಚಿತ್ರದಲ್ಲಿ ಚೆಂಡಿಗೆ ಸಿಗುವುದು ಎಂಟು ಚುಕ್ಕಿ. 720 ಚುಕ್ಕಿಯ ಮಾಮೂಲಿ ಗುಣಮಟ್ಟದ ಎಸ್‌ಡಿಯಲ್ಲಿ ಬರೀ ಮೂರು. ಕ್ರಿಕೆಟ್‌ನಲ್ಲಿ ಕ್ಯಾಮೆರಾ ಪಿಚ್ಚಿಗೆ ಹತ್ತಿರ ಹೋಗುವುದರಿಂದ ಎಸ್‌ಡಿಯಲ್ಲೂ ಆಟ ನಡೆಯುತ್ತದೆ. ಫುಟ್‌ಬಾಲ್‌ನಲ್ಲಿ ಉದ್ದನೆಯ ಪಾಸ್ ಹೋದ ಕ್ಷಣ ಆ ಮೂರು ಚುಕ್ಕಿ ಹುಲ್ಲಿನಲ್ಲಿ ಕರಗಿಹೋಗುತ್ತವೆ. ಕ್ರೀಡಾ ಚಾನೆಲ್‌ಗಳ ಎಸ್‌ಡಿ ಮತ್ತು ಎಚ್‌ಡಿ ಬೇರೆ ಬೇರೆ ನಂಬರಿನಲ್ಲಿರುತ್ತವೆ, ದರವೂ ಬೇರೆ. 2019ರಲ್ಲಿ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಚಾನೆಲನ್ನು ಬಿಡಿಯಾಗಿ ಆರಿಸಿಕೊಳ್ಳಬಹುದು. ಪಂದ್ಯಾವಳಿಯ ಒಂದು ತಿಂಗಳಿಗೆ ಬೇಕಾದ ಎಚ್‌ಡಿ ಚಾನೆಲನ್ನಷ್ಟೇ ಸೇರಿಸಿ ಆಮೇಲೆ ತೆಗೆಸಿದರೆ ಸಾಕು, ದೊಡ್ಡ ಪ್ಯಾಕ್ ಬೇಕಿಲ್ಲ.

ಎಚ್‌ಡಿಗೆ ದುಡ್ಡು ಕೊಟ್ಟೂ ಎಸ್‌ಡಿ ನೋಡುವ ಮನೆಗಳೂ ಇವೆ. ಬಾಕ್ಸಿನಿಂದ ಟಿವಿಗೆ ಹಳದಿ-ಕೆಂಪು-ಬಿಳಿ ಎವಿ ಕೇಬಲ್ ಹಾಕಿದ್ದರೆ ಎಚ್‌ಡಿ ಬರುವುದೇ ಇಲ್ಲ. ಎಚ್‌ಡಿಎಂಐ ಕೇಬಲ್ ಹಾಕಿ, ಬಾಕ್ಸಿನ ಮೆನುವಿನಲ್ಲಿ ಔಟ್‌ಪುಟ್ 1080ಐ, 50 ಹರ್ಟ್ಸ್ ಇದೆಯೇ ನೋಡಿ. ಬಾಕ್ಸ್ ರೀಸೆಟ್ ಆದಮೇಲೆ ಈ ಸೆಟ್ಟಿಂಗ್ ಕೆಳಗಿಳಿದಿರಬಹುದು.

ಡಿಶ್‌ನ ನಿಜವಾದ ಬಲ ವೇಗ. ಉಪಗ್ರಹದ ಸಿಗ್ನಲ್ ಕೆಲವೇ ಸೆಕೆಂಡುಗಳಲ್ಲಿ ಮನೆ ತಲುಪುತ್ತದೆ. ಆ್ಯಪ್ ವಿಡಿಯೊವನ್ನು ತುಂಡು ತುಂಡು ಮಾಡಿ ಕಳಿಸುತ್ತದೆ, ಟಿವಿ ಒಂದೆರಡು ತುಂಡನ್ನು ಕೂಡಿಟ್ಟುಕೊಂಡ ಮೇಲೇ ತೋರಿಸುತ್ತದೆ. ಇದರಿಂದ ಅರ್ಧ ನಿಮಿಷದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಂದೆ ಬೀಳುತ್ತೀರಿ. ಪೆನಾಲ್ಟಿ ಶೂಟೌಟ್‌ನಲ್ಲಿ ಆಟಗಾರ ಚೆಂಡನ್ನು ಇನ್ನೂ ಚುಕ್ಕಿಯ ಮೇಲೆ ಇಡುತ್ತಿರುವಾಗಲೇ ಪಕ್ಕದ ಮನೆಯಿಂದ ಕೂಗು ಕೇಳಿಸಿದರೆ ಆ ಪಂದ್ಯ ಅಲ್ಲಿಗೇ ಹಾಳು. ಆ್ಯಪ್‌ನಲ್ಲೇ ನೋಡಬೇಕಾದರೆ ಫೋನಿನಲ್ಲಿ ಸ್ಕೋರ್ ನೋಟಿಫಿಕೇಶನ್ ಮತ್ತು ವಾಟ್ಸ್ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿ. ನಡುವೆ ಆಟ ನಿಲ್ಲಿಸಲು 'ಪಾಜ್' ಒತ್ತಿದ್ದರೆ, ಬಫರಿಂಗ್ ಆಗಿದ್ದರೆ, ಹಿಂದೆ ಬಿದ್ದಷ್ಟೂ ಹಾಗೇ ಉಳಿಯುತ್ತದೆ. ಪರದೆಯ ಮೇಲಿನ 'ಲೈವ್' ಗುಂಡಿ ಒತ್ತಿದರೆ ಮುಂದಕ್ಕೆ ಬರುತ್ತದೆ.

ಡಿಶ್‌ನ ದೌರ್ಬಲ್ಯ ಮಳೆ. ಡಿಟಿಎಚ್ ಬಳಸುವುದು ಕೆಯು ಬ್ಯಾಂಡ್, ತರಂಗದ ಉದ್ದ ಸುಮಾರು ಎರಡೂವರೆ ಸೆಂ.ಮೀ. ದಪ್ಪ ಹನಿಗಳು ಅದನ್ನು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಜಿಟಿಜಿಟಿ ಮಳೆಯಲ್ಲಿ ಚಿತ್ರ ಹೋಗುತ್ತಿದ್ದರೆ ಅದು ಮಳೆಯ ತಪ್ಪಲ್ಲ, ಡಿಶ್ ಕೂರಿಸಿದ ರೀತಿಯ ತಪ್ಪು. ಸರಿಯಾಗಿ ಕೂರಿಸಿದ 60 ಸೆಂ.ಮೀ. ಡಿಶ್ ಧೋ ಎಂದು ಸುರಿಯುವಾಗ ಮಾತ್ರ ಸೋಲಬೇಕು, ಮಳೆಯ ಜೋರು ಇಳಿದ ಕೂಡಲೇ ಚಿತ್ರ ವಾಪಸು ಬರಬೇಕು. ಪರೀಕ್ಷೆ ಸುಲಭ: ಬಿಸಿಲಿದ್ದ ದಿನ ಬಾಕ್ಸಿನ ಸಿಗ್ನಲ್ ಪುಟ ತೆರೆಯಿರಿ. ಅಲ್ಲಿ 'ಸ್ಟ್ರೆಂತ್', 'ಕ್ವಾಲಿಟಿ' ಎಂದು ಎರಡು ಪಟ್ಟಿ ಇರುತ್ತವೆ. ನೋಡಬೇಕಾದದ್ದು ಕ್ವಾಲಿಟಿ. ಅದು ಬಿಸಿಲಿನಲ್ಲೇ ಕೆಳಗಿದ್ದರೆ ಮಳೆಗೆ ಬಿಟ್ಟುಕೊಡಲು ಏನೂ ಉಳಿದಿಲ್ಲ ಎಂದರ್ಥ.

ಕಾರಣಗಳು ಹೆಚ್ಚೇನಿಲ್ಲ. ಗಾಳಿಗೆ ಬೋಲ್ಟ್ ಸಡಿಲವಾಗಿ ಡಿಶ್ ಒಂದೆರಡು ಡಿಗ್ರಿ ಸರಿದಿರುತ್ತದೆ. ಡಿಶ್‌ನ ಎದುರು ಕಂಬಿಯ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಸೀಳಿ ಒಳಗೆ ನೀರು ಹೋಗಿರುತ್ತದೆ. ಕೇಬಲ್ಲಿನ ತುದಿಯ ಕನೆಕ್ಟರ್ ತುಕ್ಕು ಹಿಡಿದಿರುತ್ತದೆ. ಕನೆಕ್ಟರನ್ನು ಹೊಸದು ಮಾಡಿಸಿ ರಬ್ಬರ್ ಟೋಪಿ ಹಾಕಿಸಿ. ಕೇಬಲ್ ಮನೆಯೊಳಗೆ ನುಗ್ಗುವ ಮುಂಚೆ ಒಂದು ಬಳಕು ಕೆಳಗಿಳಿದು ಮೇಲೆ ಬರುವ ಹಾಗೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇನ್ನೊಂದು ಕಾರಣ ತೆಂಗಿನ ಗರಿ. ನಮ್ಮ ಅಕ್ಷಾಂಶದಲ್ಲಿ ಡಿಶ್ ನೋಡುವುದು ಆಕಾಶದ ಎತ್ತರಕ್ಕೆ. ಫ್ರೀ ಡಿಶ್‌ನ ಉಪಗ್ರಹ ಬೆಂಗಳೂರಿನಿಂದ ಆಗ್ನೇಯ ದಿಕ್ಕಿಗೆ, ಸುಮಾರು 65 ಡಿಗ್ರಿ ಮೇಲಿದೆ. ಬೇಸಿಗೆಯಲ್ಲಿ ಅಡ್ಡ ಬರದ ಗರಿ ಮಳೆಯಲ್ಲಿ ನೆನೆದು ಬಾಗಿದಾಗ ಅಡ್ಡ ನಿಲ್ಲುತ್ತದೆ. ಆಗುಂಬೆ, ಕೊಡಗಿನಂಥ ಕಡೆ 90 ಸೆಂ.ಮೀ. ಡಿಶ್ ಹಾಕಿಸಿದರೆ 60ರದಕ್ಕಿಂತ ಎರಡೂಕಾಲು ಪಟ್ಟು ಸಿಗ್ನಲ್ ಸಿಗುತ್ತದೆ. ಖರ್ಚಿಗೆ ತಕ್ಕ ಫಲ ಸಿಗುವುದು ಅಂಥಲ್ಲಿ ಮಾತ್ರ.

ಫ್ರೀ ಡಿಶ್ ಬಗ್ಗೆ ಒಂದು ಮಾತು. 2007ರ ಕಾಯ್ದೆಯಂತೆ ರಾಷ್ಟ್ರೀಯ ಮಹತ್ವದ್ದೆಂದು ಗುರುತಿಸಿದ ಪಂದ್ಯಗಳ ಸಿಗ್ನಲನ್ನು ಖಾಸಗಿ ಚಾನೆಲ್‌ಗಳು ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಜತೆ ಹಂಚಿಕೊಳ್ಳಬೇಕು. ಇದು ಎಲ್ಲ ಪಂದ್ಯಗಳಿಗೂ ಅಲ್ಲ, ಮುಖ್ಯವಾದ ಕೆಲವಕ್ಕೆ. ಹೀಗೆ ಹಂಚಿಕೊಂಡ ಸಿಗ್ನಲ್ ದೂರದರ್ಶನದ ಭೂ ಪ್ರಸಾರ ಮತ್ತು ಫ್ರೀ ಡಿಶ್‌ಗಷ್ಟೇ ಸೀಮಿತ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದ್ದರಿಂದ ಕೇಬಲ್ಲಿನಲ್ಲಿ, ಖಾಸಗಿ ಡಿಟಿಎಚ್‌ನಲ್ಲಿ ಡಿಡಿ ಸ್ಪೋರ್ಟ್ಸ್ ಬಂದರೂ ಪಂದ್ಯದ ಹೊತ್ತಿಗೆ ಅಲ್ಲಿ ಬೇರೇನೋ ಓಡುತ್ತಿರುತ್ತದೆ. ಕಾಸಿಲ್ಲದೆ ವಿಶ್ವಕಪ್ ಫೈನಲ್ ನೋಡುವುದಕ್ಕೆ ಫ್ರೀ ಡಿಶ್ ನಂಬಬಹುದು. ಇಡೀ ಪಂದ್ಯಾವಳಿಗೆ ಸಾಲದು.

ಇನ್ನು ಆ್ಯಪ್. 2022ರ ವಿಶ್ವಕಪ್ಪನ್ನು ಜಿಯೋಸಿನೆಮಾ ಉಚಿತವಾಗಿ, 4ಕೆಯಲ್ಲೂ ಕೊಟ್ಟಾಗಿನಿಂದ ಆ್ಯಪ್ ಎಂದರೆ ಒಳ್ಳೆಯ ಚಿತ್ರ ಎಂಬ ನಂಬಿಕೆ ಬೆಳೆದಿದೆ. ನಿಂತ ಚಿತ್ರದಲ್ಲಿ ಅದು ನಿಜ. ಓಡುವ ಆಟದಲ್ಲಿ ಬೇರೊಂದು ತೊಡಕಿದೆ. ನಮ್ಮ ಪ್ರಸಾರ ನಡೆಯುವುದು ಸೆಕೆಂಡಿಗೆ 50ರ ಲೆಕ್ಕದಲ್ಲಿ. ಟಿವಿಗೆ ಚುಚ್ಚಿ ಆ್ಯಪ್ ನೋಡುವ ಸ್ಟ್ರೀಮಿಂಗ್ ಸ್ಟಿಕ್‌ಗಳು ಚಿತ್ರವನ್ನು 60 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 60 ಸಲ) ಕಳಿಸುವಂತೆ ಹೊಂದಿಸಿರುವುದೇ ಹೆಚ್ಚು. 50 ಚಿತ್ರಗಳಿಂದ 60 ಜಾಗ ತುಂಬಬೇಕಾದರೆ ಪ್ರತಿ ಐದರಲ್ಲಿ ಒಂದನ್ನು ಎರಡು ಸಲ ತೋರಿಸಬೇಕು. ಸೆಕೆಂಡಿಗೆ ಹತ್ತು ಸಲ ಚಿತ್ರ ಮುಗ್ಗರಿಸುತ್ತದೆ. ಗೋಲ್‌ಕೀಪರ್ ಒದ್ದ ಚೆಂಡಿನ ಹಿಂದೆ ಕ್ಯಾಮೆರಾ ತಿರುಗುವಾಗ ಮೈದಾನದ ಬಿಳಿ ಗೆರೆಗಳು ತಟತಟ ಜಿಗಿಯುವುದು ಇದರಿಂದಲೇ. ಜನ ಇಂಟರ್‌ನೆಟ್ಟನ್ನು ಬೈಯುತ್ತಾರೆ, ಪಾಪ ಅದರದೇನೂ ತಪ್ಪಿಲ್ಲ. ಫೈರ್ ಟಿವಿಯಲ್ಲಿ 'ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್' ಆನ್ ಮಾಡಿ, ಬೇರೆ ಸಾಧನಗಳಲ್ಲೂ ಇದೇ ಅರ್ಥದ ಆಯ್ಕೆ ಇರುತ್ತದೆ. ಆ್ಯಪ್ ಅದಕ್ಕೆ ಸ್ಪಂದಿಸದಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ನೀವೇ 1080ಪಿ 50 ಹರ್ಟ್ಸ್ ಆರಿಸಿ, ಪಂದ್ಯ ಮುಗಿದ ಮೇಲೆ ಹಿಂದಕ್ಕೆ ಹಾಕಿ.

ಎಚ್‌ಡಿಗೆ 8 ಎಂಬಿಪಿಎಸ್ ಸ್ಥಿರವಾಗಿ ಬಂದರೆ ಸಾಕು, 4ಕೆಗೆ 25ರಷ್ಟು ಬೇಕು. ಎಂಟರ ಲೆಕ್ಕದಲ್ಲಿ ಎರಡು ಗಂಟೆಗೆ 7.2 ಜಿಬಿ ಖರ್ಚು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್‌ನ ಹಾಟ್‌ಸ್ಪಾಟ್ ನಂಬಿ ಕೂತರೆ ಮೊದಲಾರ್ಧವೂ ಮುಗಿಯುವುದಿಲ್ಲ. ರೌಟರ್ ಬೇರೆ ಕೋಣೆಯಲ್ಲಿದ್ದರೆ ವೈಫೈಗಿಂತ ಲ್ಯಾನ್ ಕೇಬಲ್ ಮೇಲು. ಹೆಚ್ಚಿನ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು, 4ಕೆಗೂ ಅದು ಧಾರಾಳ. ಎಳೆಯಲಾಗದಿದ್ದರೆ 5 ಗಿಗಾಹರ್ಟ್ಸ್ ವೈಫೈಗೆ ಜೋಡಿಸಿ, 2.4ರಲ್ಲಿ ಅಕ್ಕಪಕ್ಕದ ಮನೆಗಳ ರೌಟರುಗಳೆಲ್ಲ ಕಿತ್ತಾಡುತ್ತಿರುತ್ತವೆ.

ಸಿಗ್ನಲ್ ಎಷ್ಟೇ ಚೆನ್ನಾಗಿರಲಿ, ಟಿವಿಯ ಸೆಟ್ಟಿಂಗ್ ಕೆಡಿಸಬಲ್ಲದು. 'ವಿವಿಡ್' ಮೋಡ್‌ನಲ್ಲಿ ಹುಲ್ಲು ರೇಡಿಯಂ ಬಣ್ಣಕ್ಕೆ ತಿರುಗುತ್ತದೆ, 'ಸ್ಪೋರ್ಟ್ಸ್' ಮೋಡ್ ಕೂಡ ಬಹಳ ಟಿವಿಗಳಲ್ಲಿ ಹಾಗೇ. 'ಸ್ಟ್ಯಾಂಡರ್ಡ್' ಅಥವಾ 'ಸಿನೆಮಾ' ಆರಿಸಿ ಬೆಳಕು ಮಾತ್ರ ಏರಿಸಿ. ಚಲನೆ ನುಣುಪು ಮಾಡುವ ಸೌಲಭ್ಯ ಸ್ಯಾಮ್‌ಸಂಗ್‌ನಲ್ಲಿ 'ಪಿಕ್ಚರ್ ಕ್ಲಾರಿಟಿ', ಎಲ್‌ಜಿಯಲ್ಲಿ 'ಟ್ರೂಮೋಷನ್', ಸೋನಿಯಲ್ಲಿ 'ಮೋಷನ್‌ಫ್ಲೋ'. ಇದನ್ನು ಪೂರ್ತಿ ಏರಿಸಿದರೆ ಇಲ್ಲದ ಚಿತ್ರಗಳನ್ನು ಟಿವಿಯೇ ಊಹಿಸಿ ಸೇರಿಸುತ್ತದೆ; ಆಟಗಾರರ ಕಾಲುಗಳ ನಡುವೆ ಹಾಯುವ ಚೆಂಡಿನ ವಿಷಯದಲ್ಲಿ ಊಹೆ ತಪ್ಪಿ ಚೆಂಡು ಮಾಯವಾಗುತ್ತದೆ, ಇಲ್ಲವೇ ಬಾಲ ಬೆಳೆಸಿಕೊಳ್ಳುತ್ತದೆ. ಆಫ್ ಮಾಡಿ, ಇಲ್ಲವೇ ಹತ್ತಕ್ಕೆ ಎರಡು-ಮೂರರಲ್ಲಿ ಇಡಿ. ಮೂಲೆಯ ಸ್ಕೋರ್ ಪಟ್ಟಿ ಅರ್ಧ ಕತ್ತರಿಸಿದ್ದರೆ ಚಿತ್ರದ ಅಳತೆಯನ್ನು 'ಒರಿಜಿನಲ್' ಅಥವಾ 'ಜಸ್ಟ್ ಸ್ಕ್ಯಾನ್'ಗೆ ಹಾಕಿ.

ಪಂದ್ಯಾವಳಿಗೆಂದೇ ಹೊಸ ಟಿವಿ ಕೊಳ್ಳುವವರು ಅಂಗಡಿಯಲ್ಲಿ ಹೂವು-ಹಕ್ಕಿಯ ಡೆಮೊ ನೋಡಿ ಮರುಳಾಗಬೇಡಿ. ಯಾವುದಾದರೂ ಪಂದ್ಯದ ವಿಡಿಯೊ ಹಾಕಿಸಿ, ಕ್ಯಾಮೆರಾ ಅಡ್ಡಡ್ಡ ಚಲಿಸುವಾಗ ಹಸಿರಿನ ಮೇಲೆ ಕೊಳೆ ಒರೆಸಿದಂಥ ಕಪ್ಪು ಪಟ್ಟಿಗಳು ನಿಂತೇ ಇವೆಯೇ ಗಮನಿಸಿ. ಅದು ಪರದೆಯ ಹಿಂದಿನ ಬೆಳಕು ಸಮವಾಗಿಲ್ಲದ ದೋಷ, ಯಾವ ಸೆಟ್ಟಿಂಗೂ ಅದನ್ನು ತೆಗೆಯುವುದಿಲ್ಲ. ಸಿನೆಮಾದಲ್ಲಿ ಕಾಣದ ಈ ದೋಷ ಫುಟ್‌ಬಾಲ್‌ನಲ್ಲಿ ತೊಂಬತ್ತು ನಿಮಿಷವೂ ಕಣ್ಣಿಗೆ ಚುಚ್ಚುತ್ತದೆ.

ಧ್ವನಿಯಲ್ಲಿ ಬೇಸರದ ಸಂಗತಿಯೊಂದಿದೆ. 2022ರಲ್ಲಿ ಆ್ಯಪ್‌ನ ವೀಕ್ಷಕ ವಿವರಣೆ ಇಂಗ್ಲಿಷ್, ಹಿಂದಿಯ ಜತೆ ತಮಿಳು, ಮಲಯಾಳಂ, ಬಂಗಾಳಿಯಲ್ಲಿತ್ತು; ಕನ್ನಡ ಇರಲಿಲ್ಲ. ಮಂಗಳೂರಿನಿಂದ ಬೆಂಗಳೂರಿನವರೆಗೆ ಇಷ್ಟು ಜನ ಈ ಆಟ ನೋಡುವಾಗ ಇದು ಸಣ್ಣ ಕೊರತೆಯಲ್ಲ. ಪ್ರತಿ ಪಂದ್ಯಾವಳಿಗೂ ಪ್ರಸಾರಕರಿಗೆ ಬರೆದು ಕೇಳಬೇಕು. ಬಾಕ್ಸಿನ ರಿಮೋಟಿನಲ್ಲಿ ಭಾಷೆಯ ಗುಂಡಿ ಇರುತ್ತದೆ, ಬೇಡದ ಭಾಷೆ ಬಂದರೆ ಅಲ್ಲೇ ಬದಲಿಸಿ. ಸೌಂಡ್‌ಬಾರ್ ಇರುವವರು 'ಕ್ಲಿಯರ್ ವಾಯ್ಸ್' ಆಫ್ ಮಾಡಿದರೆ ಪ್ರೇಕ್ಷಕರ ಹಾಡು, ತಮಟೆ ಮೇಲೆ ಬರುತ್ತದೆ.

ರೆಕಾರ್ಡ್ ಮಾಡುವವರು ಎರಡು ಗಂಟೆಯ ಸ್ಲಾಟ್ ನಂಬಬಾರದು. ಕತಾರ್‌ನಲ್ಲಿ ಇಂಗ್ಲೆಂಡ್-ಇರಾನ್ ಪಂದ್ಯಕ್ಕೆ ಎರಡೂ ಅರ್ಧ ಸೇರಿ 27 ನಿಮಿಷ ಹೆಚ್ಚುವರಿ ಸಮಯ ಸೇರಿತ್ತು. ನಮ್ಮ ಗಡಿಯಾರದಲ್ಲಿ 8:30ಕ್ಕೆ ಶುರುವಾದ ಅರ್ಜೆಂಟೀನಾ-ಫ್ರಾನ್ಸ್ ಫೈನಲ್ ಪೆನಾಲ್ಟಿಗೆ ಹೋಗಿ ಮುಗಿದಾಗ 11 ದಾಟಿತ್ತು. 2024ರ ಕೋಪಾ ಫೈನಲ್ ಅಂತೂ ಮಯಾಮಿಯ ಕ್ರೀಡಾಂಗಣದ ಗೇಟಿನಲ್ಲಿ ನೂಕುನುಗ್ಗಲಾಗಿ ಒಂದು ಗಂಟೆಗೂ ಮಿಕ್ಕಿ ತಡವಾಗಿ ಶುರುವಾಯಿತು. ಅರ್ಜೆಂಟೀನಾದ ಲೌಟಾರೊ ಮಾರ್ಟಿನೆಜ್ ಗೆಲುವಿನ ಗೋಲು ಹೊಡೆದದ್ದು 112ನೇ ನಿಮಿಷದಲ್ಲಿ. ನಾಕೌಟ್ ಪಂದ್ಯವಾದರೆ ಅದರ ನಂತರದ ಎರಡು ಕಾರ್ಯಕ್ರಮಗಳನ್ನೂ ರೆಕಾರ್ಡಿಗೆ ಹಾಕಿ.

ಡಿಶ್ ಮತ್ತು ಆ್ಯಪ್ ಎರಡೂ ಒಟ್ಟಿಗೆ ಬೇಕಾಗುವ ದಿನಗಳೂ ಬರುತ್ತವೆ. ಗುಂಪಿನ ಕೊನೆಯ ಎರಡು ಪಂದ್ಯಗಳು ಒಂದೇ ಹೊತ್ತಿಗೆ ನಡೆಯುತ್ತವೆ. 1982ರಲ್ಲಿ ಪಶ್ಚಿಮ ಜರ್ಮನಿ-ಆಸ್ಟ್ರಿಯ ಇಬ್ಬರಿಗೂ ಅನುಕೂಲವಾದ 1-0ಕ್ಕೆ ಆಟ ನಿಲ್ಲಿಸಿದಂತೆ ಆಡಿ ಅಲ್ಜೀರಿಯ ಹೊರಬಿದ್ದ ಮೇಲೆ, 1986ರಿಂದ ಬಂದ ನಿಯಮ ಅದು. ಯಾರು ಮುಂದೆ ಹೋಗುತ್ತಾರೆ ಎನ್ನುವುದು ನಿಮಿಷಕ್ಕೊಮ್ಮೆ ಬದಲಾಗುವ ಆ ರಾತ್ರಿ ಒಂದು ಪಂದ್ಯ ಬಾಕ್ಸಿನಿಂದ ಟಿವಿಗೆ, ಇನ್ನೊಂದು ಆ್ಯಪ್‌ನಿಂದ ಟ್ಯಾಬ್‌ಗೆ ಹಾಕಿಕೊಳ್ಳಿ. ಟ್ಯಾಬ್ ಹಿಂದಿರುತ್ತದೆ ಎನ್ನುವುದು ನೆನಪಿರಲಿ. ಇನ್ವರ್ಟರ್ ಇಲ್ಲದ ಮನೆಯಲ್ಲಿ ರೌಟರಿಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಒಂದು ಇಟ್ಟಿದ್ದರೆ, ಕರೆಂಟು ಹೋಗಿ ಟಿವಿ ಆರಿದರೂ ಆ ಟ್ಯಾಬ್‌ನಲ್ಲಿ ಆಟ ಮುಂದುವರಿಯುತ್ತದೆ.