ಶ್ರಿಂಪ್ ಟ್ಯಾಂಕಿಗೆ ಟಿಡಿಎಸ್ ಪೆನ್ನು: ಮೂರು ಮಳೆಗಾಲ ಕಳೆದ ಮೇಲೆ

ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ (ಟಿಡಿಎಸ್) ಎಂದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ತೋರಿಸುವ, ನಾನೂರು ರೂಪಾಯಿಯೊಳಗೆ ಸಿಗುವ, ಎರಡು ಬಟನ್ ಸೆಲ್ಲಿನ ಮಾಮೂಲಿ ಪೆನ್ನು ಇದು. ಡಬ್ಬದ ಮೇಲಿರುವುದನ್ನು ಮತ್ತೆ ಬರೆಯುವುದಿಲ್ಲ. ಕೊಡಗಿನ ಮೆದು ನೀರಿನಲ್ಲಿ ಚೆರ್ರಿ ಶ್ರಿಂಪ್ (ಪುಟ್ಟ ಕೆಂಪು ಸಿಗಡಿ) ಸಾಕುವವರಿಗೆ ಇದು ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದಷ್ಟೇ ಹೇಳಬೇಕಾದದ್ದು.

ದಿನಾ ಬೆಳಿಗ್ಗೆ ಲೈಟ್ ಹಾಕುವ ಮೊದಲು ಅಳೆಯುವುದು ಒಳ್ಳೆಯ ಅಭ್ಯಾಸ. ಪೆನ್ನನ್ನು ಗೆರೆಯವರೆಗೆ ಅದ್ದಿ, ಮೆಲ್ಲನೆ ಅಲ್ಲಾಡಿಸಿ ಕಡ್ಡಿಗಳ ನಡುವಿನ ಗಾಳಿಗುಳ್ಳೆ ಬಿಡಿಸಿ, ಒಂದು ನಿಮಿಷ ಹಾಗೇ ಬಿಡಿ. ಡಿಸೆಂಬರ್, ಜನವರಿಯ ಚಳಿಯಲ್ಲಂತೂ ಆ ಒಂದು ನಿಮಿಷ ತಪ್ಪಿಸಲೇಬಾರದು. ನೀರಿನ ವಾಹಕತೆ ಪ್ರತಿ ಡಿಗ್ರಿಗೆ ಸುಮಾರು 2% ಬದಲಾಗುತ್ತದೆ. ಪೆನ್ನು ಅದನ್ನು ಸರಿದೂಗಿಸಿಕೊಳ್ಳಲು ಹೊತ್ತು ಬೇಕು. ಅಂಕಿ ನಿಂತ ಮೇಲೆ ಚೀಟಿಯಲ್ಲಿ ಬರೆದಿಟ್ಟರೆ ಆಯಿತು. ನಿನ್ನೆ 192 ಇದ್ದದ್ದು ಇವತ್ತು 196 ಆಗಿದ್ದರೆ ನೀರು ಆವಿಯಾಗಿದೆ ಎಂದರ್ಥ. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿದ ಮಟ್ಟ ತುಂಬಿಸಲು ಬರೀ ಬಾವಿ ನೀರು ಹಾಕಿ, ಲವಣ ಬೆರೆಸಿದ್ದಲ್ಲ. ಇದೊಂದು ತಪ್ಪಿನಿಂದ ಎಷ್ಟೋ ಟ್ಯಾಂಕುಗಳು ಕೆಲವೇ ವಾರಗಳಲ್ಲಿ 300 ಮುಟ್ಟಿವೆ. ಈ ಒಂದು ಕೆಲಸಕ್ಕೇ ಪೆನ್ನಿನ ದುಡ್ಡು ವಸೂಲಿ.

ವಾರಕ್ಕೊಮ್ಮೆ 10% ನೀರು ಬದಲಿಸುವಾಗಲೂ ಇದು ಬೇಕು. ಬಾವಿ ನೀರು 30 ತೋರಿಸುತ್ತಿದ್ದರೆ 10 ಲೀಟರಿಗೆ ಜಿಪ್ಸಂ 1.2 ಗ್ರಾಂ, ಎಪ್ಸಂ ಉಪ್ಪು 0.9 ಗ್ರಾಂ, ಅಡುಗೆ ಸೋಡಾ 0.8 ಗ್ರಾಂ. ಚಿನ್ನ ತೂಗುವಂಥ ಸಣ್ಣ ತಕ್ಕಡಿ ಇರಲೇಬೇಕು. ಜಿಪ್ಸಂ ಬೇಗ ಕರಗುವುದಿಲ್ಲ. ಬಕೆಟ್ಟಿಗೆ ಏರ್ ಸ್ಟೋನ್ ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಪೆನ್ನು 200ರ ಆಸುಪಾಸು ನಿಂತರೆ ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಷಿಯಂನಿಂದ ಬರುವ ಗಡಸುತನ) ಸುಮಾರು 6 ಡಿಗ್ರಿ ಏರಿದೆ, ಕೆಎಚ್ (ಕಾರ್ಬೋನೇಟ್ ಗಡಸುತನ) 2.5ರಷ್ಟು ಏರಿದೆ. ಚೆರ್ರಿಗೆ ಇದು ಹಿತವಾದ ನೀರು. ತೋಟಕ್ಕೆ ತಂದ ಮೆಗ್ನೀಷಿಯಂ ಸಲ್ಫೇಟ್ ಮಾತ್ರ ಬೇಡ, ಗೊಬ್ಬರದ ದರ್ಜೆಯದರಲ್ಲಿ ಏನೇನು ಸೇರಿರುತ್ತದೋ ಹೇಳಲಾಗದು.

ಇನ್ನು ಬೇಸರದ ವಿಷಯ. ಅದೇ 10 ಲೀಟರಿಗೆ ಬರೀ ಅಡುಗೆ ಸೋಡಾ 3 ಗ್ರಾಂ ಹಾಕಿ ನೋಡಿ, ಪೆನ್ನು ಆಗಲೂ 200 ಎನ್ನುತ್ತದೆ! ಜಿಎಚ್ ಇದ್ದಲ್ಲೇ ಇರುತ್ತದೆ. ಕ್ಯಾಲ್ಸಿಯಂ ಇಲ್ಲದ ಆ ನೀರಿನಲ್ಲಿ ಶ್ರಿಂಪ್ ಪೊರೆ ಕಳಚಲು ಹೋಗಿ, ತಲೆಗೂ ಮೈಗೂ ನಡುವೆ ಬಿಳಿ ಬಳೆಯಂತೆ ಬಿರುಕುಬಿಟ್ಟು ಸಾಯುತ್ತದೆ. ಪೆನ್ನು ಅಳೆಯುವುದು ವಿದ್ಯುತ್ ಹರಿಯುವ ಸಾಮರ್ಥ್ಯವನ್ನು, ಅದನ್ನೇ ಒಂದು ಸಂಖ್ಯೆಯಿಂದ ಗುಣಿಸಿ ಟಿಡಿಎಸ್ ಎಂದು ತೋರಿಸುತ್ತದೆ. ಕರಗಿದ್ದು ಯಾವುದು ಎಂದು ಅದಕ್ಕೆ ತಿಳಿಯದು. ಅಮೋನಿಯಾ, ನೈಟ್ರೈಟ್ ಕೂಡ ಅದಕ್ಕೆ ಕಾಣುವುದಿಲ್ಲ. ಹೀಗಾಗಿ ಹನಿ ಹಾಕಿ ಬಣ್ಣ ನೋಡುವ ಜಿಎಚ್-ಕೆಎಚ್ ಕಿಟ್ ಇಲ್ಲದೆ ಪೆನ್ನನ್ನಷ್ಟೇ ನಂಬಬೇಡಿ. 5 ಮಿ.ಲೀ. ಬದಲು 10 ಮಿ.ಲೀ. ನೀರಿಗೆ ಹನಿ ಹಾಕಿದರೆ ಒಂದು ಹನಿಗೆ ಅರ್ಧ ಡಿಗ್ರಿ ಸಿಗುತ್ತದೆ. ನಮ್ಮ ಮೆದು ನೀರಿಗೆ ಆ ಸೂಕ್ಷ್ಮ ಬೇಕು.

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಸೆಲ್ ಮುಚ್ಚಳದೊಳಗೆ ತೇವ ಸೇರಿ ಅಂಕಿ ಕುಣಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಈ ಕಾಟ ತಪ್ಪುತ್ತದೆ. ಕಡ್ಡಿಗಳಿಗೆ ಬಿಳಿ ಪೊರೆ ಕಟ್ಟಿದರೆ ಹತ್ತು ನಿಮಿಷ ವಿನೆಗರ್, ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ. ಸರಿ ತೋರಿಸುತ್ತಿದೆಯೇ ಎಂದು ನೋಡಲು 3.42 ಗ್ರಾಂ ಉಪ್ಪನ್ನು 1 ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಅದರಿಂದ 100 ಮಿ.ಲೀ. ತೆಗೆದು 900 ಮಿ.ಲೀ. ಡಿಸ್ಟಿಲ್ಡ್ ನೀರಿಗೆ ಬೆರೆಸಿ. ಉಪ್ಪಿನ ಅಳತೆಗೆ ಹೊಂದಿಸಿದ ಪೆನ್ನು 342ರ ಹತ್ತಿರ ನಿಲ್ಲಬೇಕು.

ಕೊಡಗಿನವರಿಗೆ ಇನ್ನೊಂದು ಮಾತು, ಇದು ತೀರಾ ಮುಖ್ಯ. ಮಳೆಗಾಲಕ್ಕೆ ಮುಂಚೆ ಕಾಫಿ ಗಿಡಗಳಿಗೆ ಬೋರ್ಡೋ ಹೊಡೆಯುತ್ತಾರೆ: 100 ಲೀಟರಿಗೆ ಮೈಲುತುತ್ತು 1 ಕೆಜಿ, ಸುಣ್ಣ 1 ಕೆಜಿ. ಮೈಲುತುತ್ತು ಎಂದರೆ ತಾಮ್ರ. ಲೀಟರಿಗೆ 1 ಮಿಲಿಗ್ರಾಂಗಿಂತ ಎಷ್ಟೋ ಕಡಿಮೆ ತಾಮ್ರ ಸಾಕು, ಶ್ರಿಂಪ್ ಉಳಿಯುವುದಿಲ್ಲ. ಅಷ್ಟಕ್ಕೆ ಪೆನ್ನಿನ ಅಂಕಿ ಒಂದೂ ಮಿಸುಕುವುದಿಲ್ಲ. ತೋಟದ ನಡುವಿನ ಮಾಡಿನಿಂದ ಇಳಿಯುವ ಮೊದಲ ಮಳೆಗಳ ನೀರು ಹಿಡಿಯಬೇಡಿ. ತಾಮ್ರದ ಕಿಟ್ ಬೇರೆಯೇ ಸಿಗುತ್ತದೆ, ನೀರಿನ ಮೂಲ ಬದಲಾದಾಗಲೆಲ್ಲ ಅದರಲ್ಲಿ ನೋಡಿ. ಮತ್ತೆ ಬೋರ್ಡೋ ಕಲಸಿದ ಡ್ರಮ್ಮನ್ನು ಎಷ್ಟು ಸಲ ತೊಳೆದಿದ್ದರೂ, ಅದರ ನೀರಿಗೆ ಪೆನ್ನು 30 ತೋರಿಸಿದರೂ, ಟ್ಯಾಂಕಿಗೆ ಹಾಕಬೇಡಿ.